ಕೆರೆಯೋದೆಲ್ಲ ಬೇಡ, ಬಳಿದುಬಿಡಿ!

ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಿಮ್ಮ ಶೀಟಿನ ಮಾಡಿಗೆ ಪೇಂಟು ಹೊಡೆಸಿದ್ರಲ್ಲ, ಅದೀಗ ಎಲ್ಲಿದೆ? ಮಾಡಿನ ಮೇಲಂತೂ ಇಲ್ಲ. ಅರ್ಧ ಕಾಫಿ ಕಣದಲ್ಲಿದೆ, ಕಾಲು ಭಾಗ ಚರಂಡಿಯಲ್ಲಿದೆ, ಉಳಿದದ್ದು ಎಲ್ಲಿ ಹೋಯ್ತು ಅಂತ ಅಂಗಳದ ಕೋಳಿಗಳನ್ನೇ ಕೇಳಬೇಕು.

ಗೊತ್ತು, ಗೊತ್ತು. ನೀವೀಗ ಪೇಂಟ್ ಕಂಪನಿಯನ್ನ ಬೈತೀರಿ. ಆಮೇಲೆ ಪೇಂಟರ್‌ನ. ಆಮೇಲೆ ಮಾಡಿನ ಮೇಲೆ ಧಡಧಡ ಓಡೋ ಮುಸುವಗಳನ್ನ. ಅದೂ ಸಾಲದಿದ್ರೆ ಮಳೆರಾಯನನ್ನ. ಪಟ್ಟಿಯಲ್ಲಿ ಒಂದು ಹೆಸರು ಮಾತ್ರ ಬಿಟ್ಟುಹೋಗುತ್ತೆ (ಯಾರದ್ದು ಅಂತ ನಾನು ಹೇಳಲ್ಲ, ಕರೆಂಟ್ ಬಿಲ್ಲಿನ ಮೇಲೆ ಯಾರ ಹೆಸರಿದೆ ನೋಡ್ಕೊಳ್ಳಿ).

ನಮ್ಮ ತಿತಿಮತಿ ಗೊತ್ತಲ್ಲ? ಹುಣಸೂರು ದಾಟಿ, ಆನೆಚೌಕೂರು ಗೇಟು ದಾಟಿ, ಮತ್ತಿಗೋಡು ಆನೆ ಶಿಬಿರ ಬಂದಾಗ ಬಸ್ಸಿನವರೆಲ್ಲ ದಸರಾ ಅಂಬಾರಿ ಹೊತ್ತ ಅಭಿಮನ್ಯು ಕಾಣ್ತಾನಾ ಅಂತ ಕುತ್ತಿಗೆ ಉದ್ದ ಮಾಡ್ತಾರಲ್ಲ, ಅದಾದ ಮೇಲೆ ಸಿಗೋ ಊರು. ಭಾಗಮಂಡಲದವರ ಹಾಗೆ ನಮಗೆ ಆಕಾಶ ತೂತು ಬಿದ್ದ ಮಳೆ ಇಲ್ಲ, ಒಪ್ಪಿದೆ. ಆದ್ರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಲ್ಲ, ಬೆಂಕಿಕಡ್ಡಿ ಹತ್ತಲ್ಲ, ಉಪ್ಪಿನ ಡಬ್ಬಿಯಲ್ಲಿ ಉಪ್ಪಿರಲ್ಲ, ನೀರಿರುತ್ತೆ.

ಇಂಥ ಊರಲ್ಲಿ ಶೀಟಿಲ್ಲದ ಮನೆ ತೋರಿಸಿ ನೋಡೋಣ. ಹೆಂಚಿನ ಮನೆ ಇರ್ಲಿ, ತಾರಸಿ ಮನೆ ಇರ್ಲಿ, ಬಚ್ಚಲಿಗೋ ಕಾರ್ ಶೆಡ್ಡಿಗೋ ಪಲ್ಪರ್ ಶೆಡ್ಡಿಗೋ ಲೈನ್ ಮನೆಗೋ ಹಂದಿ ಗೂಡಿಗೋ ಶೀಟು ಇದ್ದೇ ಇರುತ್ತೆ. ತಾರಸಿ ಸೋರೋಕೆ ಶುರುವಾದ ಮೇಲೆ ಅದರ ತಲೆ ಮೇಲೂ ಒಂದು ಶೀಟು. (ಇಂಜಿನಿಯರ್ ನಿಮಗೆ ಹಾಕಿದ್ದು ಒಂದು ಟೋಪಿ, ವೆಲ್ಡರ್ ತಾರಸಿಗೆ ಹಾಕಿದ್ದು ಇನ್ನೊಂದು.)

ಈಗ ನಿಮ್ಮ ಕ್ಯಾಲೆಂಡರ್ ನಾನು ಹೇಳ್ಲಾ? ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆಳಿಲ್ಲ, ಕಣ ಖಾಲಿ ಇಲ್ಲ, ನಿಮಗೆ ತಲೆ ತುರಿಸಿಕೊಳ್ಳೋಕೂ ಪುರುಸೊತ್ತಿಲ್ಲ. ಮಾರ್ಚ್‌ನಲ್ಲಿ ಹೂಮಳೆ ಬರುತ್ತೋ ಇಲ್ವೋ ಅಂತ ಆಕಾಶ ನೋಡೋ ಕೆಲಸ. (ಆಕಾಶ ನೋಡೋವಾಗ ನಡುವೆ ನಿಮ್ಮ ಮಾಡೂ ಕಾಣುತ್ತೆ. ನೀವು ಜಾಣರು, ಅದರಾಚೆ ನೋಡ್ತೀರಿ.)

ಏಪ್ರಿಲ್ ಅಂದ್ರೆ ಮೆಣಸು, ಮದುವೆ, ಗ್ಯಾಸ್ಟ್ರಿಕ್. ಮೇ ಅಂದ್ರೆ ಬೆಂಗಳೂರಿಂದ ಬರೋ ನೆಂಟರು. ಮೇ ಕೊನೆಗೆ ಇಲ್ಲೇ ದೇವರಪುರದಲ್ಲಿ ಕುಂಡೆ ಹಬ್ಬ. ಜೇನುಕುರುಬರು, ಯರವರು ಚಿತ್ರವಿಚಿತ್ರ ವೇಷ ಹಾಕಿ, ಡಬ್ಬ ಬಡಿದು, ದೇವರಿಂದ ಹಿಡಿದು ದಾರಿಹೋಕರವರೆಗೆ ಎಲ್ಲರನ್ನೂ ಬೈದು ಕಾಸು ಕೇಳೋ ದಿನ. ನೀವೂ ನಗ್ತಾ ಬೈಸಿಕೊಂಡು, ಕಾಸು ಕೊಟ್ಟು ಮನೆಗೆ ಬರ್ತೀರಿ. ಪಡುವಣದಲ್ಲಿ ಮೋಡ ಕಟ್ಟಿರುತ್ತೆ. ಆಗ ನೆನಪಾಗುತ್ತೆ: ಅಯ್ಯೋ, ಮಾಡು!

ಬೆಂಕಿ ಬಿದ್ದಾಗ ಬಾವಿ ತೋಡೋದು ಅಂತಾರಲ್ಲ, ಅದೇ. ಇಲ್ಲಿ ನೀರು ಮೇಲಿಂದ ಬರುತ್ತೆ, ಅಷ್ಟೇ ವ್ಯತ್ಯಾಸ.

ಆಮೇಲೆ ಶುರು, ಶೇಡ್ ಕಾರ್ಡ್ ಪುರಾಣ. ಟೆರಾಕೋಟಾನಾ, ಬ್ರಿಕ್ ರೆಡ್ಡಾ, ಫಾರೆಸ್ಟ್ ಗ್ರೀನಾ? ಮನೆಯವರು ಗ್ರೀನ್ ಅಂತಾರೆ. ನೀವು ‘ಸುತ್ತ ಕಾಡೇ ಇದೆ, ಮತ್ತೆ ಗ್ರೀನ್ ಯಾಕೆ’ ಅಂತೀರಿ. ಮಗಳು ಬೆಂಗಳೂರಿಂದ ವಾಟ್ಸಾಪ್ ಮಾಡ್ತಾಳೆ, ‘ಗ್ರೇ ಟ್ರೆಂಡಿಂಗ್ ಅಪ್ಪಾ’. ಎರಡು ಸಂಜೆ, ಮೂರು ಜಗಳ, ಒಂದು ರಾಜಿ. ಇಷ್ಟು ಹೊತ್ತಿನಲ್ಲಿ ಒಬ್ಬರಾದ್ರೂ ಏಣಿ ಹತ್ತಿ ಮೇಲೇನಿದೆ ಅಂತ ನೋಡಿದ್ರಾ? (ನೋಡಿದ್ದು ಬೆಕ್ಕು. ಅದು ಬಾಯಿಬಿಡಲ್ಲ.)

ಕೊನೆಗೆ ಪೇಂಟರ್ ಬರ್ತಾನೆ. ‘ಸಾರ್, ಕೆರೆದು, ತಿಕ್ಕಿ, ತೂತು-ಗುಂಡಿ ನೋಡಿ, ಪ್ರೈಮರ್ ಹೊಡೆದ್ರೆ ನಾಲ್ಕು ದಿನ. ಹಾಗೇ ಹೊಡೆದ್ರೆ ಒಂದೂವರೆ ದಿನ’ ಅಂತಾನೆ. ಆಗ ನಿಮ್ಮ ಬಾಯಿಂದ ಆ ಅಮೃತವಾಣಿ ಬರುತ್ತೆ: ‘ಕೆರೆಯೋದೆಲ್ಲ ಬೇಡ, ಬಳಿದುಬಿಡಿ. ಮಾಡಿನ ಮೇಲೆ ಯಾರು ನೋಡ್ತಾರೆ?’

ಅಲ್ಲ ಮಾರಾಯ್ರೇ, ಯಾರೂ ನೋಡಲ್ಲ ಅಂದ್ಮೇಲೆ ಬಣ್ಣಕ್ಕೆ ಎರಡು ಸಂಜೆ ಜಗಳ ಆಡಿದ್ದು ಯಾಕೆ?

ತುಕ್ಕು ಏನು ಮಾಡುತ್ತೆ ಅಂತ ಸ್ವಲ್ಪ ಕೇಳಿ. ಕಬ್ಬಿಣ, ನೀರು, ಗಾಳಿಯಲ್ಲಿರೋ ಆಕ್ಸಿಜನ್, ಈ ಮೂರು ಸೇರಿದ್ರೆ ಸಾಕು. ಹುಟ್ಟಿದ ತುಕ್ಕಿಗೆ ಅದು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಕು. ಕೆಳಗೆ ಗಟ್ಟಿ ಶೀಟಿದೆ, ಮೇಲೆ ನೀವು ಬಳಿಸಿದ ಟೆರಾಕೋಟಾ ಇದೆ. ಉಬ್ಬೋಕೆ ದಾರಿ ಯಾವ ಕಡೆ ಹೇಳಿ? ಟೆರಾಕೋಟಾವನ್ನ ಎತ್ತಿ ಆಚೆ ಹಾಕುತ್ತೆ.

ಪೇಂಟು ಪಾಪ ತನ್ನ ಕೆಲಸ ಮಾಡಿತ್ತು. ಗಟ್ಟಿಯಾಗಿ ಹಿಡ್ಕೊಂಡಿತ್ತು. ಆದ್ರೆ ಹಿಡ್ಕೊಂಡಿದ್ದು ಕಬ್ಬಿಣವನ್ನಲ್ಲ, ತುಕ್ಕನ್ನ. ತುಕ್ಕು ಕಬ್ಬಿಣದ ಕೈ ಬಿಟ್ಟು ಎಷ್ಟೋ ದಿನ ಆಗಿತ್ತು. ಮೇಲೆ ಥಳಕು, ಒಳಗೆ ಹುಳುಕು ಅಂತ ಸುಮ್ನೆ ಹೇಳಿಲ್ಲ.

ಈ ಅಲೆ ಅಲೆ ಶೀಟು ನಿನ್ನೆ ಮೊನ್ನೆ ಬಂದದ್ದೇನಲ್ಲ. ಲಂಡನ್ ಡಾಕ್‌ನಲ್ಲಿದ್ದ ಹೆನ್ರಿ ಪಾಮರ್ ಅನ್ನೋ ಇಂಜಿನಿಯರ್ 1829ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡ. ಚಪ್ಪಟೆ ತಗಡನ್ನ ಮಡಿಸಿದ್ರೆ ತೆಳು ಶೀಟೂ ದೊಡ್ಡ ಭಾರ ತಡೆಯುತ್ತೆ ಅನ್ನೋ ಉಪಾಯ. ಆದ್ರೆ ತುಕ್ಕಿಗೆ ಮಡಿಕೆಯ ಹಂಗಿಲ್ಲ. 1837ರಲ್ಲಿ ಫ್ರಾನ್ಸಿನ ಸೊರೆಲ್ ಕಬ್ಬಿಣಕ್ಕೆ ಸತುವಿನ ಲೇಪ ಹಾಕೋ ವಿದ್ಯೆಗೆ ಪೇಟೆಂಟ್ ತಗೊಂಡ ಮೇಲೆ ಶೀಟಿಗೆ ಆಯಸ್ಸು ಬಂತು.

ಸತುವಿನ ಗುಣ ಏನು ಅಂದ್ರೆ, ತಾನು ಕರಗಿ ಕಬ್ಬಿಣವನ್ನ ಉಳಿಸುತ್ತೆ. ಸತು ಇರೋ ತನಕ ಶೀಟು ಬೂದು ಬಣ್ಣಕ್ಕಿರುತ್ತೆ. ಸತು ಮುಗಿದ ಜಾಗದಲ್ಲಿ ಕೆಂಪು ಇಣುಕುತ್ತೆ. ಆ ಕೆಂಪು ಕಂಡ ದಿನ ನಿಮಗೆ ನೋಟೀಸು ಬಂತು ಅಂತ. ನೀವು ‘ಅದು ಧೂಳು’ ಅಂತ ನಾಲ್ಕು ವರ್ಷ ತಳ್ಳಿದ್ರಿ.

ಬನ್ನಿ, ಏಣಿ ಇಡಿ. (ಬೆಳಗ್ಗೆ ಎಂಟಕ್ಕೇ ಬೇಡ, ಮಂಜು ಆರಿರಲ್ಲ, ಜಾರ್ತೀರಿ.) ಮೊದಲು ಆ ಮೂಲೆ ನೋಡೋಣ, ಸಿಲ್ವರ್ ಓಕ್ ಎಲೆ ರಾಶಿ ಬಿದ್ದಿದೆಯಲ್ಲ, ಅಲ್ಲಿ. ಮೇಲಿನ ಎಲೆ ಗರಿಗರಿ. ಎತ್ತಿ. ಅದರಡಿ ಕಂದು, ಮೆತ್ತಗೆ. ಅದನ್ನೂ ಎತ್ತಿ. ಅದರಡಿ ಕಪ್ಪು ಗೊಬ್ಬರ, ಒಂದು ಎರೆಹುಳ, ಎರಡೆಲೆ ಬಿಟ್ಟ ಒಂದು ಕಾಫಿ ಸಸಿ (ಪುನುಗು ಬೆಕ್ಕಿನ ಉಡುಗೊರೆ). ಅದರಡಿ ಶೀಟು ಇರಬೇಕಿತ್ತು. ಬೆರಳಿಟ್ರೆ ಬಚ್ಚಲ ಹಂಡೆ ಕಾಣ್ತಿದೆ.

ಇನ್ನು ಶೀಟಿನ ಮೇಲೆ ಶೀಟು ಕೂತ ಸಂದಿ. ಮಳೆ ನಿಂತ ಎಷ್ಟೋ ಹೊತ್ತಿನ ಮೇಲೂ ಅದರೊಳಗೆ ಕೂದಲೆಳೆಯಷ್ಟು ನೀರು ಕೂತಿರುತ್ತೆ. ಜೆ ಬೋಲ್ಟಿನ ತಲೆ ನೋಡಿ, ಕೆಳಗಿದ್ದ ಡಾಂಬರ್ ವಾಷರ್ ಒಣಗಿ ಬಿರುಕು ಬಿಟ್ಟಿದೆ. ಬೋಲ್ಟಿನ ತೂತು ಅಲೆಯ ಏರಿನಲ್ಲಿರಬೇಕು, ತಗ್ಗಿನಲ್ಲಲ್ಲ. ತಗ್ಗಿನಲ್ಲೇ ತಾನೇ ನೀರು ಹರಿಯೋದು. ನಿಮ್ಮದು ಎಲ್ಲಿದೆ? (ಕೆಮ್ಮಬೇಡಿ, ಹೇಳಿ.)

ಕೆಳಗಿನಿಂದಲೂ ಒಂದು ಪರೀಕ್ಷೆ ಇದೆ. ಮಟಮಟ ಮಧ್ಯಾಹ್ನ ಶೆಡ್ಡಿನ ಬಾಗಿಲು ಹಾಕಿ, ಕತ್ತಲು ಮಾಡಿ, ಮೇಲೆ ನೋಡಿ. ನಕ್ಷತ್ರ ಕಂಡ್ರೆ ಒಂದೊಂದಕ್ಕೂ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಆಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ‘ಟಣ್’ ಅಂದ್ರೆ ಜೀವ ಇದೆ. ‘ಡಬ್’ ಅಂದ್ರೆ ಪದರ ಎದ್ದಿದೆ. ಸ್ಕ್ರೂಡ್ರೈವರ್ ಒಳಗೇ ಹೋಯ್ತಾ? ಆ ಶೀಟು ಗುಜರಿ ಅಂಗಡಿಗೆ. (‘ಇನ್ನೊಂದು ವರ್ಷ ತಡೆಯುತ್ತೆ ಬಿಡಿ’ ಅಂದ್ರಲ್ಲ ಈಗ, ನನಗೆ ಕೇಳಿಸ್ತು.)

ಈಗ ಬಂತು ನಿಮಗಾಗದ ಕೆಲಸ, ಕೆರೆಯೋದು. ಮೊದಲು ಸ್ಕ್ರೇಪರ್, ಆಮೇಲೆ ವೈರ್ ಬ್ರಷ್, ಆಮೇಲೆ ಉಪ್ಪುಕಾಗದ. ಕರೆಂಟಿದ್ರೆ (ಇದ್ರೆ!) ಗ್ರೈಂಡರ್‌ಗೆ ತಂತಿ ಬ್ರಷ್. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಕೊರೊನಾ ಟೈಮಿನದ್ದು ಇನ್ನೂ ಕಪಾಟಿನಲ್ಲಿದೆ, ಹುಡುಕಿ.

ದೊಡ್ಡ ಕೆಲಸಗಳಲ್ಲಿ ಈ ಕೆರೆಯೋದಕ್ಕೂ ಡಿಗ್ರಿ ಇದೆ ಗೊತ್ತಾ? ಕೈಯಲ್ಲೋ ಮೆಷಿನ್ನಿನಲ್ಲೋ ಸಡಿಲ ತುಕ್ಕೆಲ್ಲ ತೆಗೆದ್ರೆ ಎಸ್‌ಟಿ 2. ಲೋಹ ಮಿನುಗೋ ತನಕ ತಿಕ್ಕಿದ್ರೆ ಎಸ್‌ಟಿ 3. ಮರಳು ಚಿಮ್ಮಿಸಿ ಹೆಚ್ಚುಕಮ್ಮಿ ಬೆಳ್ಳಗೆ ಮಾಡಿದ್ರೆ ಎಸ್‌ಎ ಎರಡೂವರೆ. ನಮ್ಮೂರಲ್ಲಿ ನಡೆಯೋ ಡಿಗ್ರಿ ಒಂದೇ: ಪೊರಕೆ 1.

ಹಾಗಂತ ಹುಮ್ಮಸ್ಸಿನಲ್ಲಿ ಪೂರ್ತಿ ಶೀಟನ್ನೇ ತಿಕ್ಕೋಕೆ ಹೋಗಬೇಡಿ, ಉಳಿದಿರೋ ಸತುವೂ ಹೋಗುತ್ತೆ. ತುಕ್ಕಿರೋ ಕಡೆ ಮಾತ್ರ. ಹಳೇ ಪೇಂಟು ಗಟ್ಟಿಯಾಗಿ ಕೂತಿದ್ರೆ ಕೂತಿರಲಿ, ಅದರ ಅಂಚನ್ನ ಮಾತ್ರ ಇಳಿಜಾರು ಮಾಡಿ. ಕಣ್ಣು ಮುಚ್ಚಿ ಬೆರಳಾಡಿಸಿದ್ರೆ ಮೆಟ್ಟಿಲು ಸಿಗಬಾರದು. ಆಮೇಲೆ ಸೋಪು ನೀರಲ್ಲಿ ತೊಳೆದು ಒಣಗಿಸಿ.

ಕೆರೆಯೋ ಹೊತ್ತಿಗೆ ನೀವೆಲ್ಲಿರ್ತೀರಿ? ಆ ಕರಕರ ಸದ್ದಿಗೆ ಹಲ್ಲು ಜುಂ ಅಂತ, ‘ಒಂದು ಫೋನ್ ಇದೆ’ ಅಂತ ಒಳಗೆ ಹೋಗಿರ್ತೀರಿ. ಹತ್ತು ನಿಮಿಷಕ್ಕೆ ಸದ್ದು ನಿಲ್ಲುತ್ತೆ. ಬೇಗ ಮುಗೀತಲ್ಲ ಅಂತ ಸಂತೋಷ ಬೇರೆ! ಪೇಂಟರ್‌ನ ಬೈದು ಏನು ಪ್ರಯೋಜನ? ಕಣ್ಣಿಗೆ ಕಾಣದ ಕೆಲಸಕ್ಕೆ ಕೂಲಿ ಕೊಡೋಕೆ ನೀವು ಗೊಣಗಿದ್ರಿ. ಅವನು ಕಣ್ಣಿಗೆ ಕಾಣೋ ಕೆಲಸ ಮಾತ್ರ ಮಾಡಿದ.

(ನಿಮ್ಮ ಇನ್ನೊಂದು ನೆಪವೂ ನನಗೆ ಗೊತ್ತು. ‘ಹಲಸಿನ ಹಣ್ಣಿನ ವಾಸನೆಗೆ ಆನೆ ಬಂದು ಶೆಡ್ಡಿಗೆ ಬೆನ್ನುಜ್ಜಿದ್ರೆ ಪೇಂಟಿನ ದುಡ್ಡೆಲ್ಲ ದಂಡ ಅಲ್ವಾ?’ ಆನೆ ಬರೋ ಮೊದಲೇ ಶೆಡ್ಡು ತಾನಾಗಿ ಬೀಳಲಿ ಅಂತನಾ?)

ನಿಮ್ಮಂಥವರಿಗೇ ಅಂತ ಪೇಟೆಯಲ್ಲಿ ರಸ್ಟ್ ಕನ್ವರ್ಟರ್ ಬಾಟಲಿ ಸಿಗುತ್ತೆ. ಒಳಗಿರೋದು ಸಾಮಾನ್ಯವಾಗಿ ಫಾಸ್ಫಾರಿಕ್ ಆಸಿಡ್ಡೋ ಟ್ಯಾನಿನ್ನೋ. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಗಾಗುತ್ತಲ್ಲ, ಅದೇ ಒಗರು ಈ ಟ್ಯಾನಿನ್. ತುಕ್ಕಿಗೆ ಬಳಿದ್ರೆ ಕೆಂಪು ಹೋಗಿ ನೀಲಿಗಪ್ಪಾಗುತ್ತೆ, ಗಟ್ಟಿ ಕೂರುತ್ತೆ.

ಬಾಟಲಿ ಹೆಸರು ಕೇಳಿದ್ದೇ ನಿಮ್ಮ ಮುಖ ಅರಳಿತು! ಸ್ವಲ್ಪ ತಡೀರಿ. ಅದು ಶೀಟಿಗೆ ಕಚ್ಚಿಕೊಂಡಿರೋ ತೆಳು ತುಕ್ಕಿಗೆ. ಪದರ ಪದರ ಎದ್ದಿರೋದಕ್ಕೆ ಸುರಿದ್ರೆ ಮೇಲಿನ ಪದರ ಕಪ್ಪಾಗುತ್ತೆ, ಒಳಗಿನದು ಕೆಂಪಾಗೇ ಕೂತು ತನ್ನ ಕೆಲಸ ನೋಡ್ಕೊಳ್ಳುತ್ತೆ. ಅಂದ್ರೆ ಬಾಟಲಿ ತಂದ್ರೂ ಕೆರೆಯೋದು ತಪ್ಪಲಿಲ್ಲ.

‘ಹಾಗಾದ್ರೆ ಕೊಡಚಾದ್ರಿಯಲ್ಲಿ ಆದಿ ಮೂಕಾಂಬಿಕೆ ಗುಡಿ ಮುಂದಿನ ಕಬ್ಬಿಣದ ಕಂಬಕ್ಕೆ ಯಾರು ಪ್ರೈಮರ್ ಹೊಡೆದ್ರು?’ ಆಹಾ, ಒಳ್ಳೇ ಪಾಯಿಂಟು. ಘಟ್ಟದ ಅಷ್ಟು ಮಳೆಯಲ್ಲೂ ಅದು ನಿಂತಿದೆ, ವಿಜ್ಞಾನಿಗಳೂ ಬಂದು ಪರೀಕ್ಷೆ ಮಾಡಿ ಹೋಗಿದ್ದಾರೆ. ಅದರ ಹಾಗೇ ನಿಂತಿರೋ, ಸುಮಾರು 1600 ವರ್ಷ ಹಳೆಯ ದೆಹಲಿಯ ಕಬ್ಬಿಣದ ಕಂಬದಲ್ಲಿ ಫಾಸ್ಫರಸ್ ಜಾಸ್ತಿ, ಅದು ಮೈಮೇಲೆ ತೆಳ್ಳನೆ ರಕ್ಷೆ ಕಟ್ಟಿದೆ ಅಂತ ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದಾರೆ.

ಆದ್ರೆ ಅವು ಬಡಿದು ಮಾಡಿದ ದಪ್ಪ ಕಂಬಗಳು ಸ್ವಾಮೀ. ನಿಮ್ಮದು ಅರ್ಧ ಮಿಲಿಮೀಟರ್ ಶೀಟು. ಕಂಬದಲ್ಲಿ ಅರ್ಧ ಮಿಲಿಮೀಟರ್ ಹೋದ್ರೆ ದೇವರಿಗೂ ಗೊತ್ತಾಗಲ್ಲ. ನಿಮ್ಮದರಲ್ಲಿ ಅರ್ಧ ಮಿಲಿಮೀಟರ್ ಹೋದ್ರೆ ನೇರ ದೇವರೇ ಕಾಣ್ತಾನೆ.

ಈಗ ಪ್ರೈಮರ್. ರೆಡ್ ಆಕ್ಸೈಡ್ ಡಬ್ಬಿಯೊಳಗಿನ ಆ ಕೆಂಪು ಯಾವುದು ಗೊತ್ತಾ? ಐರನ್ ಆಕ್ಸೈಡ್. ಅಂದ್ರೆ ತುಕ್ಕಿನ ದಾಯಾದಿ! ತುಕ್ಕು ತಡೆಯೋಕೆ ತುಕ್ಕಿನ ಕುಟುಂಬದವರನ್ನೇ ಲೀಟರ್‌ಗಟ್ಟಲೆ ಕೊಂಡು ತರ್ತೀವಿ. ಕಾಡಾನೆ ಹಿಡಿಯೋಕೆ ಮತ್ತಿಗೋಡಿನ ಸಾಕಾನೆ ಕಳಿಸೋ ಊರಿನವರು ನಾವು, ನಮಗೆ ಇದರಲ್ಲಿ ಆಶ್ಚರ್ಯ ಏನು? ಡಬ್ಬಿಯಲ್ಲಿರೋದು ಆಕ್ಸಿಜನ್ ತಿಂದು ತೇಗಿದ್ದು, ಅದಕ್ಕೆ ಇನ್ನು ಹಸಿವಿಲ್ಲ.

ಆದ್ರೆ ಸತು ಇನ್ನೂ ಹೊಳೀತಿರೋ ಕಡೆಗೆ ಎಣ್ಣೆ ಬಣ್ಣ ನೇರ ಬಳಿಯಬೇಡಿ. ಎನಾಮಲ್‌ನ ಎಣ್ಣೆ ಅಂಶ ಸತುವಿನ ಜೊತೆ ಸೇರಿ ಸಾಬೂನಾಗುತ್ತೆ. ತಮಾಷೆ ಅಲ್ಲ, ನಿಜವಾಗಿ ಸಾಬೂನು! ಮಾಡಿಗೆ ಸೋಪು ಹಚ್ಚಿ ಮಳೆಗೆ ಬಿಟ್ರೆ ಉಳಿಯುತ್ತಾ? ಆ ಜಾಗಕ್ಕೆ ಎಚಿಂಗ್ ಪ್ರೈಮರ್, ತುಕ್ಕು ಕೆರೆದ ಜಾಗಕ್ಕೆ ರೆಡ್ ಆಕ್ಸೈಡ್ ಅಥವಾ ಜಿಂಕ್ ಫಾಸ್ಫೇಟ್. (ಅಂಗಡಿಯಲ್ಲಿ ‘ಎಲ್ಲಾ ಒಂದೇ ಸಾರ್’ ಅಂದ್ರೆ ಅಂಗಡಿ ಬದಲಾಯಿಸಿ.) ಇನ್ನೊಂದು, ಕೆರೆದ ದಿನವೇ ಪ್ರೈಮರ್ ಬೀಳಬೇಕು. ನಮ್ಮೂರ ಮಂಜಿನಲ್ಲಿ ಒಂದು ರಾತ್ರಿ ಬಿಟ್ರೆ ಬೆಳಗ್ಗೆ ಮತ್ತೆ ಕೆಂಪು ಪೌಡರ್ ಹಾಕ್ಕೊಂಡು ಕೂತಿರುತ್ತೆ.

ಇನ್ನು ನಿಮ್ಮ ಮನೆದೇವರು, ಎಂ-ಸೀಲ್. ಟ್ಯಾಂಕಿಗೆ, ಬಕೆಟ್ಟಿಗೆ, ಕುಕ್ಕರ್ ಹಿಡಿಗೆ, ಸ್ಪ್ರೇಯರ್ ಕ್ಯಾನಿಗೆ, ಎಲ್ಲದಕ್ಕೂ ಎರಡು ಉಂಡೆ ಕಲಸಿ ಮೆತ್ತಿ ಕೈ ತೊಳೀತೀರಿ. ಅದರ ತಪ್ಪಿಲ್ಲ, ಎಪಾಕ್ಸಿ ಒಳ್ಳೇ ವಸ್ತು. ಆದ್ರೆ ತುಕ್ಕಿನ ಮೇಲೆ ಮೆತ್ತಿದ ಉಂಡೆ ತುಕ್ಕನ್ನೂ ಕರ್ಕೊಂಡು ಕೈಗೆ ಬರುತ್ತೆ. ಇಲ್ಲೂ ಮೊದಲು ಕೆರೆಯೋದೇ. (ಎಲ್ಲಿ ಹೋದ್ರೂ ಅದೇ ಮಾತು ಅಂತ ಬೇಜಾರಾಗ್ತಿದೆಯಾ? ತುಕ್ಕಿಗೆ ಬೇಜಾರಿಲ್ಲ.)

ಗುಂಡಿ ಬಿದ್ದ ಕಡೆ ಕ್ರಮ ಹೀಗೆ: ಕೆರೆದು, ಎಪಾಕ್ಸಿ ಪ್ರೈಮರ್ ಒಂದು ತೆಳು ಕೋಟು, ಗುಂಡಿಗೆ ಎಪಾಕ್ಸಿ ಪುಟ್ಟಿ, ಒಣಗಿದ ಮೇಲೆ ತಿಕ್ಕಿ ಸಮ ಮಾಡಿ ಮತ್ತೆ ಪ್ರೈಮರ್. ಗ್ಯಾರೇಜಿನವರು ಕಾರಿಗೆ ಹಾಕೋ ಪಾಲಿಯೆಸ್ಟರ್ ಪುಟ್ಟಿ ನೀರು ಕುಡಿಯುತ್ತೆ. ಅದನ್ನ ಬರಿ ಮೈಯಲ್ಲಿ ಮಳೆಗೆ ಬಿಟ್ರೆ ತುಕ್ಕಿಗೆ ಕೂತಲ್ಲೇ ಊಟ. ಗೋಡೆಗೆ ಹಚ್ಚೋ ಬಿಳೀ ಪುಟ್ಟಿ ಅರ್ಧ ಚೀಲ ಉಳಿದಿದೆ ಅಂತ ಅದನ್ನ ಮಾತ್ರ ಮಾಡಿಗೆ ಹತ್ತಿಸಬೇಡಿ. (ಹತ್ತಿಸೋರಿದ್ದಾರೆ. ನಿಮ್ಮ ಕಡೆ ನೋಡ್ತಿಲ್ಲ, ಸುಮ್ನೆ ಹೇಳಿದೆ.)

ಹಾಂ, ಹಾರ್ಡನರ್ ಸೇರಿಸಿದ ಪುಟ್ಟಿ ನಿಮ್ಮ ಮಾತು ಮುಗಿಯೋ ತನಕ ಕಾಯಲ್ಲ. ನಿಂಬೆಹಣ್ಣಿನಷ್ಟು ಕಲಸಿ, ಹಚ್ಚಿ, ಮತ್ತೆ ಕಲಸಿ. ನೀವು ಬಟ್ಟಲು ತುಂಬ ಕಲಸಿ, ಬೇಲಿ ಆಚೆಯವರ ಜೊತೆ ಕಾಫಿ ರೇಟು ಮಾತಾಡಿ ಬರೋ ಹೊತ್ತಿಗೆ ಬಟ್ಟಲಲ್ಲಿ ಕಲ್ಲು. ಕಾಫಿ ರೇಟೂ ಇಳಿದಿರುತ್ತೆ.

ಪುಟ್ಟಿ ಗುಂಡಿಗೆ, ತೂತಿಗಲ್ಲ. ಸೂಜಿ ತೂತಾದ್ರೆ ಸರಿ, ಮುಚ್ಚಿ. ಐದು ರೂಪಾಯಿ ನಾಣ್ಯ ತೂರೋ ಹಾಗಿದ್ರೆ ಶೀಟಿನ ತೇಪೆ ಕತ್ತರಿಸಿ, ಸೀಲೆಂಟ್ ಬಳಿದು, ಪಾಪ್ ರಿವೆಟ್ ಹೊಡೆಸಿ. ಬಿಸಿಲಿಗೆ ಶೀಟು ಹಿಗ್ಗುತ್ತೆ, ಮುಸುವ ಹಾರಿದ್ರೆ ಬಾಗುತ್ತೆ. ಪುಟ್ಟಿಗೆ ಅಷ್ಟು ಕಸರತ್ತು ಬರಲ್ಲ, ಬಿರಿಯುತ್ತೆ.

ಮಲ್ಪೆಗೆ ಹೋಗಿದ್ದೀರಾ? (ಮೀನು ತಿನ್ನೋಕೆ ಹೋಗಿರ್ತೀರಿ, ಬೋಟ್ ಯಾಕೆ ನೋಡ್ತೀರಿ.) ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳ ರಿಪೇರಿಗೆ ಅದೇ ಸಮಯ. ಉಕ್ಕಿನ ಬೋಟಿಗೆ ಉಪ್ಪುನೀರು, ಉಪ್ಪುಗಾಳಿ ಎರಡೂ ಶತ್ರು. ಅದರ ಕ್ಯಾಬಿನ್ ಮಾಡು ನಿಮ್ಮ ಶೀಟಿನ ಹಾಗೆ ಇಳಿಜಾರಲ್ಲ, ಚಪ್ಪಟೆ. ತಗ್ಗಿದ್ದ ಕಡೆ ನೀರು ನಿಂತೇ ನಿಲ್ಲುತ್ತೆ. ಬಡಿದು ತುಕ್ಕು ಉದುರಿಸಬೇಕು, ತಿಕ್ಕಬೇಕು, ಪ್ರೈಮರ್ ಹಾಕಬೇಕು, ತಗ್ಗಿಗೆ ಫಿಲ್ಲರ್ ತುಂಬಿ ಸಮ ಮಾಡಬೇಕು, ಬಣ್ಣ ಎಲ್ಲಕ್ಕಿಂತ ಕೊನೆಗೆ.

ಅಲ್ಲಿ ‘ಮೇಲೆ ಯಾರು ನೋಡ್ತಾರೆ’ ಅನ್ನೋ ಹಾಗಿಲ್ಲ. ಕೆರೆಯದೆ ಬಳಿದ್ರೆ ಬೋಟಿನವರು ಮುಳುಗ್ತಾರೆ, ನೀವು ಬರೀ ನೆನೀತೀರಿ. ನಿಮ್ಮ ಧೈರ್ಯದ ಗುಟ್ಟು ಅಷ್ಟೇ.

ಅಂತೂ ಬಣ್ಣಕ್ಕೆ ಬಂದ್ರಿ, ಅಭಿನಂದನೆ! ಆದ್ರೆ ತಿತಿಮತಿಯ ಗಡಿಯಾರ ಬೇರೆ. ಇಬ್ಬನಿ ಕಟ್ಟೋ ಉಷ್ಣತೆಗಿಂತ ಶೀಟು ಕಡೇಪಕ್ಷ 3 ಡಿಗ್ರಿ ಬೆಚ್ಚಗಿರಬೇಕು ಅನ್ನೋದು ಕಸುಬಿನವರ ನಿಯಮ. ಬೆಳಗ್ಗೆ ಹತ್ತರವರೆಗೆ ಶೀಟು ಬೆವರ್ತಿರುತ್ತೆ, ಬೇಡ. ಮಟಮಟ ಮಧ್ಯಾಹ್ನ ಕಾದ ಶೀಟಿನ ಮೇಲೆ ಬ್ರಷ್ ಎಳೆಯೋ ಮೊದಲೇ ಪೇಂಟು ಕೆನೆ ಕಟ್ಟುತ್ತೆ, ಬೇಡ. ನಾಲ್ಕರ ಮೇಲೆ ಮತ್ತೆ ತಂಪು, ಬೇಡ. ನಡುವೆ ಒಂದು ಗುಡುಗು. ಉಳಿದದ್ದೆಷ್ಟು? (ಅದರಲ್ಲಿ ಕಾಫಿ ಬ್ರೇಕ್ ಕಳೀರಿ.)

ಚೂಪು ಅಂಚಿನ ಮೇಲೆ ಪೇಂಟು ನಿಲ್ಲಲ್ಲ, ಹಿಂದೆ ಸರಿಯುತ್ತೆ. ಅದಕ್ಕೇ ಅಂಚು, ಬೋಲ್ಟ್ ತಲೆ, ಸಂದಿಗಳಿಗೆ ಮೊದಲು ಬ್ರಷ್‌ನಲ್ಲಿ ಒಂದು ಪಟ್ಟೆ, ಆಮೇಲೆ ರೋಲರ್. ಎರಡು ಕೋಟು. ಆ ಟರ್ಪೆಂಟೈನ್ ಕ್ಯಾನು ಸ್ವಲ್ಪ ದೂರ ಇಡಿ. ನಾಲ್ಕು ಲೀಟರ್ ಪೇಂಟು ಆರು ಲೀಟರ್ ಆದ್ರೆ ಲಾಭ ಅಂತ ಲೆಕ್ಕ ಹಾಕೋರು ನೀವು. ಹಾಲಿನವನು ಹೀಗೆ ಮಾಡಿದ್ರೆ ಸುಮ್ನಿರ್ತೀರಾ?

‘ಇದ್ಯಾವ ತಲೆನೋವೂ ಬೇಡ, ಕಲರ್ ಶೀಟ್ ಹಾಕಿಸಿಬಿಡ್ತೀನಿ’ ಅಂತೀರಾ? ಹಾಕಿಸಿ. ಗ್ಯಾಲ್ವಲೂಮ್ ಅನ್ನೋದರ ಲೇಪದಲ್ಲಿ ಶೇಕಡಾ 55 ಅಲ್ಯುಮಿನಿಯಂ, ಉಳಿದದ್ದು ಬಹುಪಾಲು ಸತು. ಚೆನ್ನಾಗೇ ಬಾಳುತ್ತೆ. ಆದ್ರೆ ಡ್ರಿಲ್ ಮಾಡಿದಾಗ ಉದುರಿದ ಕಬ್ಬಿಣದ ಪುಡಿ ಅಲ್ಲೇ ಬಿಟ್ಟು ಇಳಿದ್ರೆ (ಬಿಟ್ಟೇ ಇಳೀತೀರಿ) ಮೊದಲ ಮಳೆಗೇ ಹೊಸ ಶೀಟಿನ ತುಂಬ ಕೆಂಪು ಚುಕ್ಕೆ. ಗುಡಿಸೋಕೆ ಐದು ನಿಮಿಷ. ಏನು ಮಾಡೋದು, ಅದೂ ಕಾಣದ ಕೆಲಸ!

ಸ್ಕಾಟ್ಲೆಂಡಿನಲ್ಲಿ ಫೋರ್ತ್ ಅಂತ ರೈಲು ಸೇತುವೆ ಇದೆ, 1890ರದ್ದು. ಒಂದು ತುದಿಯ ಪೇಂಟು ಮುಗಿಯೋ ಹೊತ್ತಿಗೆ ಇನ್ನೊಂದು ತುದಿಯಿಂದ ಮತ್ತೆ ಶುರು ಮಾಡಬೇಕು ಅಂತ ಅದರ ಬಗ್ಗೆ ಇಂಗ್ಲಿಷರಲ್ಲಿ ಗಾದೆಯೇ ಇತ್ತು. ಕೊನೆಗೆ ಕೂತು, ಹಳೇ ಪದರಗಳನ್ನೆಲ್ಲ ಉಕ್ಕು ಕಾಣೋ ತನಕ ತೆಗೆದು, ಹೊಸದಾಗಿ ಬಳಿದು 2011ರಲ್ಲಿ ಮುಗಿಸಿದ್ರು. ಈಗ 25 ವರ್ಷ ತಡೆಯುತ್ತೆ ಅಂತ ನಿರೀಕ್ಷೆ. ಗಮನಿಸಿದ್ರಾ? ಪೇಂಟಿನ ಮೇಲೆ ಪೇಂಟು ಬಳೀತಿದ್ದಾಗ ಮುಗಿಯದ ಕೆಲಸ. ಕೆರೆದ್ರು, ಮುಗೀತು.

ನಮ್ಮೂರಲ್ಲಿ ಮಾಡಿನ ಕೆಲಸಕ್ಕೆ ಎಷ್ಟು ಜನ ಬೇಕು? ಹತ್ತೋಕೆ ಒಬ್ಬ, ಏಣಿ ಹಿಡಿಯೋಕೆ ಒಬ್ಬ, ಕೆಳಗೆ ನಿಂತು ‘ಅಲ್ಲಿ ಬಿಟ್ಟೋಯ್ತು, ಅಲ್ಲಲ್ಲ, ಆ ಕಡೆ’ ಅನ್ನೋಕೆ ಐದು ಜನ. ಹತ್ತೋರಿಗೆ ಒಂದೇ ಮಾತು: ಬೋಲ್ಟಿನ ಸಾಲಿನ ಮೇಲೇ ಹೆಜ್ಜೆ ಇಡಿ, ಅದರಡಿ ಆಧಾರ ಇರುತ್ತೆ, ಹಲಗೆ ಹಾಸಿ ಓಡಾಡಿ. ಹಳೇ ಸಿಮೆಂಟ್ ಶೀಟಿನ ಮೇಲೆ ಕಾಲೇ ಇಡಬೇಡಿ. ಕರೆಂಟ್ ವೈರ್ ಎಲ್ಲಿ ಹಾದುಹೋಗಿದೆ ಅಂತ ಮೊದಲೇ ನೋಡಿ. ಇದರಲ್ಲಿ ತಮಾಷೆ ಇಲ್ಲ.

ನನ್ನ ಮಾತು ನಂಬಿಕೆ ಇಲ್ವಾ? ಬೇಡ, ನಂಬಬೇಡಿ. ಹೀಗೆ ಮಾಡಿ. ಬಚ್ಚಲು ಮನೆ ಮಾಡಿನ ಒಂದು ಶೀಟನ್ನ ಕೆರೆದು, ತುಂಬಿ, ಪ್ರೈಮರ್ ಹೊಡೆದು, ಬಣ್ಣ ಹಚ್ಚಿ. ಪಕ್ಕದ ಶೀಟಿಗೆ ನಿಮ್ಮ ಪದ್ಧತಿ, ನೇರ ಬಳಿದುಬಿಡಿ. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬದ ದಿನ, ಕಡಂಬಟ್ಟು ತಿಂದ ಮೇಲೆ ಮಳೆ ಬಿಟ್ಟಿದ್ರೆ ಎರಡನ್ನೂ ಹತ್ತಿ ನೋಡಿ. ಯಾವ ಶೀಟು ಯಾರದ್ದು ಅಂತ ಕೇಳೋ ಅಗತ್ಯವೇ ಬೀಳಲ್ಲ.

ಯಾವ ದಿನ ಶುರು ಅಂತ ಹೇಳಿ, ನಾನು ಬರ್ತೀನಿ. ಖಂಡಿತ ಬರ್ತೀನಿ. ಹತ್ತೋಕಲ್ಲ, ಏಣಿ ಹಿಡಿಯೋಕೂ ಅಲ್ಲ; ಆ ಐದು ಜನರಲ್ಲಿ ಒಂದು ಜಾಗ ಹಿಡಿದಿಡಿ. ಕಾಫಿ ಸ್ವಲ್ಪ ಸ್ಟ್ರಾಂಗ್ ಇರ್ಲಿ.